ಲೆಕ್ಕ ತಪ್ಪಿಸುವ ವೇಗ

328. ಪೋಕೆಮಾನ್ ಕಾಳಗವನ್ನು ಪಂದ್ಯವಾಗಿ ಆಡುವವರಿಗೆ ಈ ಸಂಖ್ಯೆ ಮಗ್ಗಿಯಷ್ಟೇ ಬಾಯಿಪಾಠ. ಮೂಲ ವೇಗ 100 ಇರುವ ಪೋಕೆಮಾನ್ ಒಂದನ್ನು ನೂರನೇ ಲೆವೆಲ್‌ವರೆಗೆ ಬೆಳೆಸಿ, ವೇಗಕ್ಕೆಂದೇ ಪೂರ್ತಿ ಪಳಗಿಸಿದರೆ ಬರುವ ಅಂಕ ಅದು. ಚಾರಿಜಾರ್ಡ್, ಜ್ಯಾಪ್‌ಡಾಸ್, ಸಲಮೆನ್ಸ್, ಜಿರಾಚಿ ಮುಂತಾದ ಹೆಸರಾಂತ ಕಲಿಗಳು ಈ ಗೆರೆಯ ಮೇಲೆಯೇ ನಿಂತಿವೆ. ಹಾಗಾಗಿ ತಂಡ ಕಟ್ಟಲು ಕೂತವರು ಯಾವುದೇ ಹೊಸ ಪೋಕೆಮಾನ್ ಕಂಡರೂ ಮೊದಲು ನೋಡುವುದು ಅದು 328 ದಾಟುತ್ತದೆಯೋ ಇಲ್ಲವೋ ಎಂದು.

ಕಾಳಗದ ನಿಯಮ ಸರಳ. ಇಬ್ಬರೂ ತಂತಮ್ಮ ಪಟ್ಟನ್ನು ಗುಟ್ಟಾಗಿ ಆರಿಸುತ್ತಾರೆ. ಯಾರ ಪೋಕೆಮಾನ್‌ಗೆ ವೇಗ ಹೆಚ್ಚೋ ಅದರ ಏಟು ಮೊದಲು. ಆ ಏಟಿಗೇ ಎದುರಿನದು ನೆಲಕಚ್ಚಿದರೆ ಅದು ಹಾಕಬೇಕೆಂದಿದ್ದ ಪಟ್ಟು ಅಲ್ಲಿಗೇ ಮುಗಿಯಿತು. ವೇಗ ಸಮಸಮವಾದರೆ ಯಂತ್ರವೇ ನಾಣ್ಯ ಚಿಮ್ಮುತ್ತದೆ. ಒಂದು ಅಂಕ ಹೆಚ್ಚಿದ್ದರೂ ನೂರು ಅಂಕ ಹೆಚ್ಚಿದ್ದರೂ ಸಿಗುವ ಫಲ ಒಂದೇ. ಮಿಕ್ಕ ತೊಂಬತ್ತೊಂಬತ್ತು ದಂಡ. ಇನ್ನೂ ಒಂದು ಮಾತಿದೆ. ಯಾವ ಪೋಕೆಮಾನ್‌ನ ಮೂಲ ವೇಗ ಎಷ್ಟೆಂಬುದು ಆಟ ಬಲ್ಲವರಿಗೆಲ್ಲ ಗೊತ್ತು. ವೇಗಿ ಎಂದು ಹೆಸರಾದದ್ದು ಕಣಕ್ಕಿಳಿದ ಕೂಡಲೇ ಎದುರಾಳಿ ಅದಕ್ಕೆ ಬೇಕಾದ ಏರ್ಪಾಟು ಮಾಡಿಕೊಂಡಿರುತ್ತಾನೆ. ಆದ್ದರಿಂದಲೇ ಈ ಆಟದಲ್ಲಿ ಜನರನ್ನು ಬೆಚ್ಚಿಬೀಳಿಸಿದ್ದು ಪಟ್ಟಿಯ ತುದಿಯಲ್ಲಿದ್ದ ವೇಗಿಗಳಲ್ಲ, ಓಡಲಾರವು ಎಂದು ಎಲ್ಲರೂ ಬದಿಗಿಟ್ಟಿದ್ದವು.

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಯಂತ್ರಕ್ಕೆ 'ರೆಡ್' ಮತ್ತು 'ಗ್ರೀನ್' ಬಂದವು. ಸತೋಶಿ ತಾಜಿರಿ ಕಟ್ಟಿದ ಗೇಮ್ ಫ್ರೀಕ್ ಸಂಸ್ಥೆಯ ಕೆಲಸ. ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಿ ಪೋಕೆಮಾನ್‌ಗಳನ್ನು ಅದಲುಬದಲು ಮಾಡಿಕೊಳ್ಳಬಹುದಿತ್ತು, ಕಾದಾಡಿಸಲೂಬಹುದಿತ್ತು. ಅಂದಿನ 151ರಲ್ಲಿ ಅತಿ ವೇಗದ್ದು ಎಲೆಕ್ಟ್ರೋಡ್, ಮೂಲ ವೇಗ 140. ಕೆಂಪುಬಿಳುಪಿನ ಚೆಂಡಿಗೆ ಎರಡು ಕಣ್ಣು ಬರೆದಂತಿದ್ದ ಈ ಪೋಕೆಮಾನ್ ಎಲ್ಲರಿಗಿಂತ ಮೊದಲು ಹೊಡೆಯುತ್ತಿತ್ತು, ಸರಿ. ಆದರೆ ಹೊಡೆತದಲ್ಲಿ ಕಸುವಿರಲಿಲ್ಲ. ಅದರ ದಾಳಿಯ ಮೂಲ ಅಂಕ ಬರೀ 50. ಇದ್ದುದರಲ್ಲಿ ನೆಚ್ಚಿಕೊಳ್ಳಬಹುದಾದ ವಿದ್ಯುತ್ತಿನ ಏಟು ನೆಲದ ವರ್ಗದ ಪೋಕೆಮಾನ್‌ಗಳಿಗೆ ತಾಗುವುದೇ ಇಲ್ಲ. ಕೊನೆಗೆ ತನ್ನನ್ನೇ ಸಿಡಿಸಿಕೊಂಡು ಎದುರಾಳಿಯನ್ನೂ ಕೆಡವುವ 'ಎಕ್ಸ್‌ಪ್ಲೋಶನ್' ಒಂದೇ ಅದರ ದೊಡ್ಡ ಅಸ್ತ್ರ. ಎಲ್ಲರಿಗಿಂತ ಮುಂಚೆ ಸಾಯುವುದಕ್ಕೆ ಅಷ್ಟೆಲ್ಲ ವೇಗ!

ಆ ಮೊದಲ ಆಟಗಳಲ್ಲಿ ವೇಗಕ್ಕೆ ಇನ್ನೊಂದು ಕೆಲಸವೂ ಇತ್ತು, ಅದು ತೆರೆಯ ಮೇಲೆ ಕಾಣುತ್ತಿರಲಿಲ್ಲ. ಆಟಗಾರರು ಕ್ರಿಟಿಕಲ್ ಹಿಟ್ ಎನ್ನುವ ಮರ್ಮದೇಟು ಬೀಳುವ ಸಾಧ್ಯತೆ ಮೂಲ ವೇಗವನ್ನೇ ಅವಲಂಬಿಸಿತ್ತು: ವೇಗವನ್ನು 512ರಿಂದ ಭಾಗಿಸಿದರೆ ಬರುವಷ್ಟು. ಮೂಲ ವೇಗ 110 ಇದ್ದ ಟಾರೋಸ್ ಎಂಬ ಗೂಳಿ ಸುಮಾರು ಐದಕ್ಕೊಂದು ಸಲ ಮರ್ಮಕ್ಕೇ ಗುದ್ದುತ್ತಿತ್ತು. ಕೆಲವು ಪಟ್ಟುಗಳಿಗೆ ಈ ಸಾಧ್ಯತೆ ಎಂಟು ಪಟ್ಟು. ಇಲ್ಲಿಗೆ ಬರುತ್ತದೆ ಪರ್ಷಿಯನ್, ಶ್ರೀಮಂತರ ಮನೆಯ ಸೋಫಾದ ಮೇಲೆ ಮಲಗುವ ಬೆಕ್ಕಿನಂಥ ಪೋಕೆಮಾನ್. ದಾಳಿಯ ಅಂಕ ಸಾಧಾರಣ, ಮೈಗಾವಲಂತೂ ಇಲ್ಲವೇ ಇಲ್ಲ. ಆದರೆ ಮೂಲ ವೇಗ 115, ಕೈಯಲ್ಲಿ 'ಸ್ಲ್ಯಾಶ್' ಎಂಬ ಪರಚು. ಲೆಕ್ಕ ಹಾಕಿದರೆ 256 ಸಲಕ್ಕೆ 255 ಸಲ ಮರ್ಮದೇಟು. ವೇಗವೇ ಬಲವಾಗಿ ಬದಲಾದದ್ದಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ಈ ಆಟದ ಚರಿತ್ರೆಯಲ್ಲಿ ಮತ್ತೆ ಸಿಗುವುದಿಲ್ಲ. ಅದೇ ಪ್ರೋಗ್ರಾಮಿನಲ್ಲಿ ಮರ್ಮದೇಟು ಹೆಚ್ಚಿಸಬೇಕಿದ್ದ 'ಫೋಕಸ್ ಎನರ್ಜಿ' ಒಂದು ದೋಷದಿಂದಾಗಿ ಅದನ್ನು ಕಾಲುಭಾಗಕ್ಕೆ ಇಳಿಸುತ್ತಿತ್ತು. ಅದನ್ನು ನಂಬಿ ಸೋತ ಮಕ್ಕಳು ಎಷ್ಟು ಜನವೋ!

ಈ ಕಾಳಗದ ಪ್ರೋಗ್ರಾಂ ಬರೆದವರು ಗೇಮ್ ಫ್ರೀಕ್‌ನ ಶಿಗೆಕಿ ಮೊರಿಮೊಟೊ. ಅದಕ್ಕಾಗಿ ಅವರು ಬಹುಕಾಲ ತಿಣುಕಿದ್ದರು. ಮುಂದೆ ಟಿವಿಗೆ ಜೋಡಿಸುವ ನಿಂಟೆಂಡೊ 64 ಯಂತ್ರಕ್ಕೆ 'ಪೋಕೆಮಾನ್ ಸ್ಟೇಡಿಯಂ' ತರಲು ಹೊರಟಾಗ, ಹ್ಯಾಲ್ ಲ್ಯಾಬೊರೇಟರಿಯ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಆ ಪ್ರೋಗ್ರಾಮನ್ನು ತಾವೇ ಕೂತು ಓದಿ, ಸುಮಾರು ಒಂದು ವಾರದಲ್ಲಿ ಹೊಸ ಯಂತ್ರಕ್ಕೆ ಹೊಂದಿಸಿಬಿಟ್ಟರು. ಈ ಸಂಗತಿಯನ್ನು ಮೊರಿಮೊಟೊ ಅವರೇ ಮುಂದೊಮ್ಮೆ ಬೆರಗಿನಿಂದ ನೆನಪಿಸಿಕೊಂಡಿದ್ದಾರೆ. ಇವಾಟಾ ಆಮೇಲೆ ನಿಂಟೆಂಡೊದ ಅಧ್ಯಕ್ಷರಾದರು.

ಅಷ್ಟರೊಳಗೆ ಆಟಗಾರರು ನಿಯಮದ ಸಂದುಗೊಂದುಗಳನ್ನು ಹುಡುಕತೊಡಗಿದ್ದರು. ಡ್ರ್ಯಾಗೊನೈಟ್‌ನ ಮೂಲ ವೇಗ 80, ನಡುಮಧ್ಯದ್ದು. ಆದರೆ ಅದಕ್ಕೆ ವೇಗವನ್ನು ಇಮ್ಮಡಿಸುವ 'ಅಜಿಲಿಟಿ' ಬರುತ್ತಿತ್ತು, ಜೊತೆಗೆ ಎದುರಿನದನ್ನು ಸುತ್ತಿ ಹಿಸುಕುವ 'ರ‍್ಯಾಪ್' ಕೂಡ. ಆ ಕಾಲದ ನಿಯಮದಂತೆ ರ‍್ಯಾಪ್‌ಗೆ ಸಿಕ್ಕಿದ್ದು ಅದು ಮುಗಿಯುವವರೆಗೆ ಮಿಸುಕಾಡುವಂತಿಲ್ಲ. ಒಮ್ಮೆ ವೇಗ ಏರಿಸಿಕೊಂಡ ಡ್ರ್ಯಾಗೊನೈಟ್ ಹಿಡಿತ ಸಡಿಲವಾದ ಕೂಡಲೇ ಮತ್ತೆ ಸುತ್ತಿಕೊಳ್ಳುತ್ತಿತ್ತು. ಗುರಿ ತಪ್ಪುವವರೆಗೂ ಎದುರಾಳಿ ಕೈಕಟ್ಟಿ ನೋಡುತ್ತ ಕೂರಬೇಕು. ನೋಡುವವರಿಗೆ ಇದಕ್ಕಿಂತ ಬೇಸರದ ಆಟ ಇನ್ನೊಂದಿರಲಾರದು, ಆದರೂ ತರ್ಕ ಪಕ್ಕಾ.

1999ರ ನವೆಂಬರ್‌ನಲ್ಲಿ ಬಂದ 'ಗೋಲ್ಡ್' ಮತ್ತು 'ಸಿಲ್ವರ್' ಆಟಗಳು ವೇಗಕ್ಕೂ ಮರ್ಮದೇಟಿಗೂ ಇದ್ದ ನಂಟನ್ನು ಕಡಿದುಹಾಕಿದವು. ಪರ್ಷಿಯನ್ ರಾತ್ರಿ ಬೆಳಗಾಗುವುದರೊಳಗೆ ಉಪ್ಪಿಗೂ ಬೇಡ ಸೊಪ್ಪಿಗೂ ಬೇಡ ಎಂಬಂತಾಯಿತು. ಆ ಕಾಲದ ದೊರೆ ಸ್ನಾರ್ಲ್ಯಾಕ್ಸ್, ಮೂಲ ವೇಗ 30. ತಿಂದು ಮಲಗುವ ಆ ಗುಡಾಣಹೊಟ್ಟೆ ಇದ್ದ ಅಲ್ಪ ವೇಗವನ್ನೂ 'ಕರ್ಸ್' ಪಟ್ಟಿನಿಂದ ಇಳಿಸಿಕೊಂಡು ಬಲ ಏರಿಸಿಕೊಳ್ಳುತ್ತಿತ್ತು.

ಪೋಕೆಮಾನ್ ಆಟಗಳ ಮೂರನೇ ಪೀಳಿಗೆಯವರೆಗೂ ಒಂದು ವಿಚಿತ್ರ ಕಟ್ಟಳೆ ಜಾರಿಯಲ್ಲಿತ್ತು. ಏಟು ದೈಹಿಕ ಬಲದ್ದೋ ಮಾಂತ್ರಿಕ ಬಲದ್ದೋ ಎಂಬುದನ್ನು ಅದರ ವರ್ಗವೇ ತೀರ್ಮಾನಿಸುತ್ತಿತ್ತು. ಬೆಂಕಿ, ನೀರು, ಹಿಮ, ಕತ್ತಲು ಮೊದಲಾದ ವರ್ಗಗಳದ್ದು ಏನಿದ್ದರೂ ಮಾಂತ್ರಿಕ. ಉಗುರಿನಿಂದ ಪರಚಿದರೂ ಅಷ್ಟೇ, ಹಲ್ಲಿನಿಂದ ಕಚ್ಚಿದರೂ ಅಷ್ಟೇ. ಇದಕ್ಕೆ ಬಲಿಯಾದದ್ದು ಸ್ನೀಸೆಲ್. ಕತ್ತಲು ಮತ್ತು ಹಿಮ ಎರಡೂ ವರ್ಗ ಸೇರಿದ ಪೋಕೆಮಾನ್. ಮೂಲ ವೇಗ 115, ದೈಹಿಕ ಬಲ 95. ಆದರೆ ತನ್ನ ಸ್ವಂತ ವರ್ಗದ ಎರಡು ಬಗೆಯ ಏಟುಗಳನ್ನೂ ಅದು ಬರೀ 35 ಇದ್ದ ಮಾಂತ್ರಿಕ ಬಲದಿಂದಲೇ ಹೊಡೆಯಬೇಕಿತ್ತು. 2006ರ ಸೆಪ್ಟೆಂಬರ್ 28ರಂದು ಜಪಾನಿನಲ್ಲಿ ಬಂದ 'ಡೈಮಂಡ್' ಮತ್ತು 'ಪರ್ಲ್' ಈ ಕಟ್ಟಳೆಯನ್ನು ಮುರಿದವು. ಅಂದಿನಿಂದ ಪ್ರತಿ ಪಟ್ಟಿಗೂ ಅದರದೇ ಬಗೆ. ಅದೇ ಆಟದಲ್ಲಿ ಸ್ನೀಸೆಲ್ ಬೆಳೆದು ವೀವೈಲ್ ಆಯಿತು: ಬಲ 120, ವೇಗ 125. ಏಳು ವರ್ಷ ಮೂಲೆಗುಂಪಾಗಿದ್ದದ್ದು ಒಂದೇ ಏಟಿಗೆ ಎಲ್ಲರ ತಂಡಕ್ಕೂ ಬೇಕಾಯಿತು.

ಡೈಮಂಡ್ ಮತ್ತು ಪರ್ಲ್ ತಂದ ಇನ್ನೊಂದು ವಸ್ತುವಿನ ಪ್ರಭಾವ ಇದಕ್ಕಿಂತ ದೊಡ್ಡದು. ಅದು 'ಚಾಯ್ಸ್ ಸ್ಕಾರ್ಫ್' ಎಂಬ ಕುತ್ತಿಗೆಪಟ್ಟಿ. ಅದನ್ನು ತೊಟ್ಟರೆ ವೇಗ ಒಂದೂವರೆ ಪಟ್ಟು. ಪ್ರತಿಯಾಗಿ, ಒಮ್ಮೆ ಆರಿಸಿದ ಪಟ್ಟನ್ನೇ ಕಣ ಬಿಡುವವರೆಗೂ ಹಾಕುತ್ತಿರಬೇಕು. ಯಾವುದು ಏನು ತೊಟ್ಟಿದೆ ಎಂಬುದು ಎದುರಾಳಿಗೆ ಕಾಣುವುದಿಲ್ಲ. ಬಾಯಿಪಾಠ ಮಾಡಿಟ್ಟ ವೇಗದ ಪಟ್ಟಿಗಳನ್ನೆಲ್ಲ ಅನುಮಾನದಿಂದ ನೋಡಬೇಕಾದ ಕಾಲ ಹೀಗೆ ಶುರುವಾಯಿತು.

ಟೈರಾನಿಟಾರ್‌ನ ಲೆಕ್ಕ ನೋಡಿ. ಬಂಡೆಯಂಥ ಮೈ, ಕಣಕ್ಕೆ ಬಂದೊಡನೆ ಮರಳುಗಾಳಿ ಎಬ್ಬಿಸುವ ಗುಣ, ಮೂಲ ವೇಗ 61. ಪೂರ್ತಿ ಪಳಗಿಸಿದರೂ ಅದರ ವೇಗ 243 ಮೀರುವುದಿಲ್ಲ. ಇದನ್ನು ಓಡಿಸಲು ಹೊರಡುವುದೇ ಹುಚ್ಚು ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಸ್ಕಾರ್ಫ್ ತೊಡಿಸಿದರೆ ಅದು 364. ಗೆಂಗಾರ್ ಮತ್ತು ಲ್ಯಾಟಿಯೋಸ್‌ಗಳ ಗರಿಷ್ಠ 350, ಸ್ಟಾರ್‌ಮಿಯ ಗರಿಷ್ಠ 361. ಈ ಮೂರೂ ಟೈರಾನಿಟಾರ್‌ನ ಕತ್ತಲೆ ಏಟಿಗೆ ಹೆದರುವಂಥವು, ತಮ್ಮ ಕಾಲಿನ ಬಲ ನಂಬಿದಂಥವು. ಎದುರು ಬಂದದ್ದು ನಿಧಾನಿ ಎಂದುಕೊಂಡು ನಿಂತರೆ ಏಟು ಬಿತ್ತು. ಅನುಮಾನಪಟ್ಟು ಹಿಂದೆ ಸರಿಯಲು ಹೋದರೆ, ಓಡಿಹೋಗುವವರಿಗೆ ಇಮ್ಮಡಿ ಏಟು ಕೊಡುವ 'ಪರ್ಸ್ಯೂಟ್' ಕಾದಿರುತ್ತಿತ್ತು. ಸ್ಟಾರ್‌ಮಿಗಿಂತ ಮೂರೇ ಅಂಕ ಹೆಚ್ಚು. ಆ ಮೂರಕ್ಕಾಗಿ ಆಟಗಾರರು ಬಲ ಹೆಚ್ಚಿಸುವ ಸ್ವಭಾವವನ್ನು ಬಿಟ್ಟುಕೊಟ್ಟು ವೇಗದ ಸ್ವಭಾವವನ್ನು ಆರಿಸಿಕೊಂಡರು. ವೇಗ ಎಂಬುದು ಮೈಗುಣವಲ್ಲ, ಕೊಂಡುಕೊಳ್ಳಬಹುದಾದ ಸರಕು ಎಂದು ಈ ಪ್ರಯೋಗ ತೋರಿಸಿಕೊಟ್ಟಿತು.

ಸ್ಕಾರ್ಫ್ ಜೊತೆಗೇ ಬಂದ 'ಫೋಕಸ್ ಸ್ಯಾಶ್' ಇನ್ನೂ ಕುಚೇಷ್ಟೆಯ ಒಂದು ತಂತ್ರಕ್ಕೆ ದಾರಿ ಮಾಡಿತು. ಪೂರ್ತಿ ಪ್ರಾಣ ಇರುವಾಗ ಎಂಥ ಏಟು ಬಿದ್ದರೂ ಒಂದು ಅಂಕ ಉಳಿಸುವ ಪಟ್ಟಿ ಅದು. ಅದನ್ನು ಒಂದನೇ ಲೆವೆಲ್‌ನ ರಟ್ಟಾಟಾ ಎಂಬ ಇಲಿಮರಿಗೆ ಕಟ್ಟುತ್ತಾರೆ. ನೂರನೇ ಲೆವೆಲ್‌ನ ದೈತ್ಯ ಮೊದಲು ಹೊಡೆಯುತ್ತದೆ. ಇಲಿಗೆ ಉಳಿಯುವುದು ಒಂದು ಅಂಕ. ಆಗ ಅದು ಎದುರಿನ ಪ್ರಾಣವನ್ನು ತನ್ನಷ್ಟಕ್ಕೇ ಇಳಿಸುವ 'ಎಂಡೆವರ್' ಹಾಕುತ್ತದೆ. ದೈತ್ಯನಿಗೂ ಈಗ ಒಂದೇ ಅಂಕ. ಮುಂದಿನ ಸುತ್ತಿನಲ್ಲಿ 'ಕ್ವಿಕ್ ಅಟ್ಯಾಕ್', ಅಂದರೆ ವೇಗ ಎಷ್ಟೇ ಇರಲಿ ಮೊದಲು ಬೀಳುವ ಪುಟ್ಟ ಏಟು. ಮುಗಿಯಿತು ಕತೆ. ಆ ಪಟ್ಟಿ, ಎರಡು ಪಟ್ಟುಗಳು, ಇಲಿ ಇವುಗಳ ಇಂಗ್ಲಿಷ್ ಹೆಸರುಗಳಿಂದ ಅಕ್ಷರಗಳನ್ನು ಹೆಕ್ಕಿ ಆಟಗಾರರು ಇದನ್ನು 'ಫಿಯರ್' ಎಂದು ಕರೆದರು. ಗಂಭೀರ ಪಂದ್ಯಗಳಲ್ಲಿ ಅದು ಹೆಚ್ಚು ಬಾಳಲಿಲ್ಲ. ಮರಳುಗಾಳಿ ಎದ್ದರೆ, ನೆಲದಲ್ಲಿ ಚೂಪುಗಲ್ಲು ಹರಡಿದ್ದರೆ, ಎದುರಿಗೆ ದೆವ್ವದ ವರ್ಗದ್ದು ಬಂದರೆ ಇಲಿಯ ಆಟ ನಡೆಯದು. ಆದರೂ ಅದರ ಕೀರ್ತಿ ಅದು ಗೆದ್ದ ಪಂದ್ಯಗಳಿಗಿಂತ ಬಹಳ ದೊಡ್ಡದು. ನ್ಯಾಯವಾಗಿಯೇ ದೊಡ್ಡದು ಎನ್ನಬೇಕು.

ವೇಗದ ಕ್ರಮವನ್ನೇ ತಿರುಗಿಸಿ, ಐದು ಸುತ್ತುಗಳ ಕಾಲ ನಿಧಾನಿಗಳಿಗೆ ಮೊದಲ ಏಟು ಕೊಡುವ 'ಟ್ರಿಕ್ ರೂಮ್' ಬಂದದ್ದೂ ಇದೇ ಪೀಳಿಗೆಯಲ್ಲಿ. ಇಬ್ಬಿಬ್ಬರನ್ನು ಕಣಕ್ಕಿಳಿಸುವ ಅಧಿಕೃತ ಪಂದ್ಯಗಳಲ್ಲಿ ಇದು ಬೇರೂರಿತು. ಮೂಲ ವೇಗ 20 ಇರುವ ಟಾರ್ಕೋಲ್ ಎಂಬ ಆಮೆ, ಬಿಸಿಲನ್ನು ತಾನೇ ಬರಿಸಿಕೊಂಡು, ಎದುರಿನ ಇಬ್ಬರ ಮೇಲೂ ಜ್ವಾಲಾಮುಖಿ ಉಗುಳುವುದು ಈಗ ಪಳಗಿದ ತಂತ್ರ. ಇದಕ್ಕೆಂದೇ ಆಟಗಾರರು ಹುಟ್ಟುಗುಣದಲ್ಲಿ ವೇಗ ಸೊನ್ನೆ ಇರುವ ಮರಿ ಬರುವವರೆಗೂ ಮೊಟ್ಟೆಯ ಮೇಲೆ ಮೊಟ್ಟೆ ಒಡೆಸುತ್ತಾರೆ.

2010ರ 'ಬ್ಲ್ಯಾಕ್' ಮತ್ತು 'ವೈಟ್' ಆಟಗಳ ಅಚ್ಚರಿ ಕ್ಲಾಯ್ಸ್ಟರ್. ಮೊದಲ ಆಟದಿಂದಲೂ ಇದ್ದ ಚಿಪ್ಪುಜೀವಿ. ರಕ್ಷಣೆಯ ಅಂಕ 180, ವೇಗ 70. ಹದಿನಾಲ್ಕು ವರ್ಷ ಅದರ ಕೆಲಸ ಏಟು ತಿನ್ನುವುದು, ಮುಳ್ಳು ಹರಡುವುದು, ಕೊನೆಗೆ ಸಿಡಿದುಹೋಗುವುದು. ಹೊಸ ಆಟ ಅದಕ್ಕೆ 'ಶೆಲ್ ಸ್ಮ್ಯಾಶ್' ಕೊಟ್ಟಿತು: ಚಿಪ್ಪು ಒಡೆದುಕೊಂಡು ರಕ್ಷಣೆ ಇಳಿಸಿಕೊಂಡರೆ ಬಲವೂ ವೇಗವೂ ಒಂದೇ ಸುತ್ತಿನಲ್ಲಿ ಇಮ್ಮಡಿ. ಪಳಗಿಸಿದ ಕ್ಲಾಯ್ಸ್ಟರ್‌ನ ವೇಗ ಹೀಗೆ 524ಕ್ಕೆ ಏರುತ್ತದೆ. ಮಿಂಚಿನ ವೇಗಿ ಎನಿಸಿಕೊಂಡ ಜೋಲ್ಟಿಯಾನ್‌ನ ಗರಿಷ್ಠವೇ 394. ಜೊತೆಗೆ ಹಿಮದ ಈಟಿ 'ಐಸಿಕಲ್ ಸ್ಪಿಯರ್'. ಅದರ ಒಂದೊಂದು ತಿವಿತದ ಬಲವನ್ನು ಅದೇ ವರ್ಷ 10ರಿಂದ 25ಕ್ಕೆ ಏರಿಸಲಾಗಿತ್ತು, ಕ್ಲಾಯ್ಸ್ಟರ್‌ನ 'ಸ್ಕಿಲ್ ಲಿಂಕ್' ಗುಣದಿಂದ ತಿವಿತ ಐದಕ್ಕೆ ಕಡಿಮೆ ಬೀಳುವುದಿಲ್ಲ. ಒಂದು ಏಟಿಗೆ ಬದುಕಿಸುವ ಫೋಕಸ್ ಸ್ಯಾಶ್ ಎರಡನೇ ತಿವಿತಕ್ಕೆ ಏನು ಮಾಡೀತು? ಗೋಡೆಯೇ ಎದ್ದು ಓಡಿಬಂದರೆ ಹೇಗಿರುತ್ತದೆ ಎಂಬುದನ್ನು ಆ ವರ್ಷ ಆಡಿದವರು ಕಂಡರು.

ಆ ಪೀಳಿಗೆಯಲ್ಲೇ ಬ್ಲೇಜಿಕೆನ್ ಎಂಬ ಕೋಳಿಗೆ ಸುತ್ತಿಗೊಮ್ಮೆ ತಾನಾಗಿ ವೇಗ ಏರುವ ಗುಣ ಸಿಕ್ಕಿತು. ಅಂಥ ಗುಣ ಮೊದಲಿಂದ ಇದ್ದದ್ದು 160 ವೇಗದ ನಿಂಜಾಸ್ಕ್ ಎಂಬ ಕೀಟಕ್ಕೆ. ಹೊಡೆಯುವ ಕಸುವು ಸಾಲದ ನಿಂಜಾಸ್ಕ್ ಗಳಿಸಿದ ವೇಗವನ್ನು ತಂಡದ ಇನ್ನೊಬ್ಬರಿಗೆ ದಾಟಿಸಿ ಸರಿಯುತ್ತಿತ್ತು. ಮೂಲ ವೇಗ 80ರ ಬ್ಲೇಜಿಕೆನ್‌ಗೆ ದಾಟಿಸುವ ಅಗತ್ಯವೇ ಬೀಳಲಿಲ್ಲ. ಒಂದು ಸುತ್ತು ಮೈ ಕಾಪಾಡಿಕೊಂಡರೆ ಆಯಿತು, ಮುಂದಿನದೆಲ್ಲ ಅದರದೇ. 2004ರಿಂದ ಪೋಕೆಮಾನ್‌ಗಳನ್ನು ಬಳಕೆಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುತ್ತ ಬಂದ ಸ್ಮೋಗನ್ ಬಳಗ ಅದನ್ನು ಸಾಮಾನ್ಯ ದರ್ಜೆಯಿಂದ ಹೊರಗಟ್ಟಿ ದೈತ್ಯರ ಸಾಲಿಗೆ ಕಳಿಸಿತು. ಸಾಮಾನ್ಯ ಕೋಳಿಯ ಪಾಲಿಗೆ ಇದು ಬಡ್ತಿಯೇ.

2013ರ 'ಎಕ್ಸ್' ಮತ್ತು 'ವೈ' ಆಟಗಳ ಟ್ಯಾಲನ್‌ಫ್ಲೇಮ್ ಬೇರೆಯದೇ ಜಾತಿ. ಆಟದ ಮೊದಲ ದಾರಿಗಳಲ್ಲೇ ಸಿಗುವ ಸಣ್ಣ ಹಕ್ಕಿ ಬೆಳೆದು ಆಗುವಂಥದ್ದು. ಅಂಥ ಹಕ್ಕಿಗಳನ್ನು ಪಂದ್ಯಕ್ಕೆ ಹೆಚ್ಚಿನವರು ಲೆಕ್ಕಕ್ಕಿಡುತ್ತಿರಲಿಲ್ಲ. 'ಗೇಲ್ ವಿಂಗ್ಸ್' ಎಂಬ ಗುಣದಿಂದ ಅದರ ಹಾರುವ ವರ್ಗದ ಏಟುಗಳೆಲ್ಲ ವೇಗದ ಲೆಕ್ಕವನ್ನೇ ಬದಿಗೊತ್ತಿ ಮೊದಲು ಬೀಳುತ್ತಿದ್ದವು. ಮುಂದಿನ ಪೀಳಿಗೆಯಲ್ಲಿ ಆಟ ಮಾಡಿದವರೇ ಅದರ ರೆಕ್ಕೆ ಕತ್ತರಿಸಿ, ಪ್ರಾಣ ಪೂರ್ತಿ ಇದ್ದಾಗ ಮಾತ್ರ ಆ ಗುಣ ನಡೆಯುವಂತೆ ಮಾಡಿದರು. 2014ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್ ತಂಡದಲ್ಲೂ ಟ್ಯಾಲನ್‌ಫ್ಲೇಮ್ ಇತ್ತು. ಜಗತ್ತಿಗೆ ನೆನಪಿರುವುದು ಮಾತ್ರ ಅದರ ಪಕ್ಕದಲ್ಲಿದ್ದ ಪಚಿರಿಸು ಎಂಬ ಅಳಿಲು. ಜೊತೆಗಾರರ ಮೇಲೆ ಬರುವ ಏಟುಗಳನ್ನು ತನ್ನತ್ತ ಸೆಳೆದುಕೊಂಡ ಆ ಅಳಿಲು ಮೆಚ್ಚಬೇಕಾದದ್ದೇ, ಆದರೆ ಅದರದು ಕಾವಲುಗಾರನ ಕೆಲಸ.

ಹಕ್ಕಿಗಳಲ್ಲೇ ಸ್ವೆಲ್ಲೋನ ಮರುಹುಟ್ಟು ಹೆಚ್ಚು ಸ್ವಾರಸ್ಯದ್ದು. 2002ರಲ್ಲಿ ಬಂದಾಗ ಅದು ವೇಗ 125ರ ದೈಹಿಕ ದಾಳಿಕೋರ. ಮೈಗೆ ವಿಷ ಏರಿದರೆ ಬಲ ಹೆಚ್ಚುವ ಗುಣದ್ದು. ಮಾಂತ್ರಿಕ ಬಲ 50. ವರ್ಷಗಳ ಮೇಲೆ ಅದಕ್ಕೆ 140 ಬಲದ 'ಬೂಮ್‌ಬರ್ಸ್ಟ್' ಎಂಬ ಕೂಗು ದಕ್ಕಿತು, ಏಳನೇ ಪೀಳಿಗೆ ಆ 50ನ್ನು 75ಕ್ಕೆ ಏರಿಸಿತು. ದೆವ್ವದ ವರ್ಗಕ್ಕೂ ಸಾಧಾರಣ ಏಟು ತಾಗಿಸುವ 'ಸ್ಕ್ರ್ಯಾಪಿ' ಗುಣ ಜೊತೆಗೂಡಿದ ಮೇಲೆ, ಕೊಕ್ಕಿನಿಂದ ಕುಕ್ಕುತ್ತಿದ್ದ ಹಕ್ಕಿ ಕಿರುಚಿಯೇ ಕೆಡವತೊಡಗಿತು. ಹಳೆಯ ಸ್ವೆಲ್ಲೋವನ್ನು ತಡೆಯಲೆಂದು ದೈಹಿಕ ರಕ್ಷಣೆ ಬಲಪಡಿಸಿಕೊಂಡು ಬಂದವರು ಅಲ್ಲೇ ಸಿಕ್ಕಿಬಿದ್ದರು. ಇಂಥ ಪ್ರಯೋಗಗಳು ಹಬ್ಬಲು 'ಪೋಕೆಮಾನ್ ಶೋಡೌನ್' ಬಹಳ ನೆರವಾಯಿತು. ಬ್ರೌಸರ್ ಒಂದಿದ್ದರೆ ತಂಡವನ್ನು ಕಟ್ಟಿ ಅಲ್ಲೇ ಕಾದಾಡಿಸಬಹುದಾದ ಉಚಿತ ತಾಣ ಅದು. ನಿಂಟೆಂಡೊ ಯಂತ್ರಗಳು ಅಪರೂಪವಾದ ಭಾರತದಂಥ ಕಡೆಯೂ ಕಾಳಗದ ಲೆಕ್ಕ ಕಲಿಯಲು ಅಷ್ಟು ಸಾಕಾಯಿತು.

2019ರ 'ಸ್ವೋರ್ಡ್' ಮತ್ತು 'ಶೀಲ್ಡ್' ಆಟಗಳಲ್ಲಿ ಪಳೆಯುಳಿಕೆಯ ಅರೆಬರೆ ತುಂಡುಗಳನ್ನು ಜೋಡಿಸಿ ಜೀವ ಕೊಡುತ್ತಾರೆ. ಮೀನಿನ ತಲೆಯನ್ನು ಡ್ರ್ಯಾಗನ್ ಒಂದರ ಹಿಂಭಾಗಕ್ಕೆ ಅಂಟಿಸಿದ ಡ್ರಾಕೊವಿಶ್ ಹುಟ್ಟಿದ್ದು ಹೀಗೆ. ನೋಡಿದರೆ ನಗು ಬರುತ್ತದೆ. ಬಲ 90, ವೇಗ 75. ಆದರೆ ಅದರ 'ಫಿಶಿಯಸ್ ರೆಂಡ್' ಕಡಿತದ ಬಲ 85, ಎದುರಾಳಿಗಿಂತ ಮೊದಲು ಕಚ್ಚಿದರೆ 170. ನೀರಿನ ವರ್ಗದ ಹೆಚ್ಚಳ ಒಂದೂವರೆ ಪಟ್ಟು, ಬಲವಾದ ದವಡೆಯ ಗುಣದಿಂದ ಇನ್ನೊಂದು ಒಂದೂವರೆ. ಎಲ್ಲ ಗುಣಿಸಿದರೆ 380 ದಾಟುತ್ತದೆ. ಸ್ಕಾರ್ಫ್ ತೊಡಿಸಿದರೆ ವೇಗ 409. ಇಲ್ಲಿ ಒಂದು ಸೂಕ್ಷ್ಮವಿದೆ: ಬೇರೆಯವರಿಗೆ ವೇಗ ಏಟಿನ ಸರದಿಯನ್ನಷ್ಟೇ ಕೊಡುತ್ತದೆ, ಡ್ರಾಕೊವಿಶ್‌ಗೆ ಅದು ಏಟಿನ ಬಲವನ್ನೂ ಕೊಡುತ್ತದೆ. ಮೊದಲ ಆಟದ ಪರ್ಷಿಯನ್ ಆದಮೇಲೆ ವೇಗಕ್ಕೆ ಈ ಜೋಡಿ ಲಾಭ ಸಿಕ್ಕಿದ್ದು ಅಪರೂಪ. ನೀರನ್ನು ಹೀರಿಕೊಳ್ಳುವ ಗುಣದವರನ್ನು ತಂಡದಲ್ಲಿ ಇಟ್ಟುಕೊಳ್ಳುವುದು ಅನಿವಾರ್ಯವಾಯಿತು. 2020ರಲ್ಲಿ ಸ್ಮೋಗನ್ ಅದನ್ನೂ ಸಾಮಾನ್ಯ ದರ್ಜೆಯಿಂದ ಹೊರಹಾಕಿತು.

ಅದೇ 2020ರಲ್ಲಿ ಮೂಲ ವೇಗ 200ರ ರೆಜಿಎಲೆಕಿ ಬಂತು. ಈವರೆಗಿನ ದಾಖಲೆ ಅದರದೇ. ಆದರೆ ಬಹುಮಟ್ಟಿಗೆ ವಿದ್ಯುತ್ತಿನ ಏಟುಗಳನ್ನೇ ನಂಬಿದ ಅದನ್ನೂ ನೆಲದ ವರ್ಗದ್ದೊಂದು ಎದುರು ನಿಂತು ತಡೆಯಬಲ್ಲದು.

ಈಚಿನ ಅಧಿಕೃತ ಪಂದ್ಯಗಳಲ್ಲಿ ಗುಟ್ಟಿನ ಜಾಗ ಕಿರಿದಾಗಿದೆ. 2022ರ ನವೆಂಬರ್‌ನಲ್ಲಿ 'ಸ್ಕಾರ್ಲೆಟ್' ಮತ್ತು 'ವಯಲೆಟ್' ಬಂದ ಮೇಲೆ ದೊಡ್ಡ ಪಂದ್ಯಗಳಲ್ಲಿ ಆಟಗಾರರು ತಂಡದ ಪಟ್ಟಿಯನ್ನು ಮೊದಲೇ ಪರಸ್ಪರ ಕೊಟ್ಟುಕೊಳ್ಳುವುದು ರೂಢಿಯಾಗಿದೆ. ಯಾವ ಪೋಕೆಮಾನ್, ಏನು ತೊಟ್ಟಿದೆ, ಯಾವ ಗುಣ, ಯಾವ ನಾಲ್ಕು ಪಟ್ಟು, ಎಲ್ಲವೂ ಬಟಾಬಯಲು. ಸ್ಕಾರ್ಫ್ ತೊಟ್ಟ ಟೈರಾನಿಟಾರ್ ಈಗ ಯಾರನ್ನೂ ಬೆಚ್ಚಿಸುವಂತಿಲ್ಲ. ಪಟ್ಟಿಯಲ್ಲಿ ಬರೆಯದೆ ಬಿಡುವುದು ಸ್ವಭಾವವನ್ನು ಮತ್ತು ಪಳಗಿಸಿದ ಅಂಕಗಳನ್ನು. ಅಂದರೆ ನಿಜವಾದ ವೇಗ ಇನ್ನೂ ಗುಟ್ಟು. ಐವತ್ತನೇ ಲೆವೆಲ್‌ನಲ್ಲಿ ಆಡುವ ಈ ಪಂದ್ಯಗಳಲ್ಲಿ ಫ್ಲಟರ್ ಮೇನ್ ಎಂಬ ಪೋಕೆಮಾನ್‌ನ ಗರಿಷ್ಠ ವೇಗ 205, ಐರನ್ ಬಂಡಲ್‌ನದು 206. ಎರಡೂ ತೊಡುವ 'ಬೂಸ್ಟರ್ ಎನರ್ಜಿ' ಅವುಗಳ ಅಂಕಗಳಲ್ಲಿ ಅತಿ ಹೆಚ್ಚಿನದು ಯಾವುದೋ ಅದನ್ನೇ ಏರಿಸುತ್ತದೆ. ಆ ಅಂಕ ವೇಗವಾದರೆ ಒಂದೂವರೆ ಪಟ್ಟು. ಫ್ಲಟರ್ ಮೇನ್‌ನ ಮಾಂತ್ರಿಕ ಬಲ, ಮಾಂತ್ರಿಕ ರಕ್ಷಣೆ, ವೇಗ ಮೂರರ ಮೂಲವೂ 135. ಯಾವುದು ಮುಂದೆ ನಿಲ್ಲಬೇಕೆಂಬುದು ಪಳಗಿಸಿದವರ ಇಷ್ಟ. ಬಲಕ್ಕೆಂದು ಬೆಳೆಸಿದೆಯೋ ವೇಗಕ್ಕೆಂದು ಬೆಳೆಸಿದೆಯೋ ಎಂಬುದು ಪಟ್ಟಿ ಓದಿದವರಿಗೆ ತಿಳಿಯುವುದಿಲ್ಲ. ಅದು ಕಣಕ್ಕಿಳಿದು, ಯಾವ ಅಂಕ ಏರಿತೆಂದು ತೆರೆಯ ಮೇಲೆ ಮೂಡಿದಾಗಷ್ಟೇ ಗೊತ್ತಾಗುತ್ತದೆ.